ಊರೆಲ್ಲ ನೋಡಿದ ಅಪ್ಪುಗೆ

ತನ್ನನ್ನು ಎದುರುಗೊಳ್ಳಲು ಯಾರೂ ಬಂದಿರುವುದಿಲ್ಲವೆಂದು ರಿಕ್ಕೆಗೆ ಗೊತ್ತಿತ್ತು. ಬರುತ್ತೇನೆಂದು ಅವಳು ಯಾರಿಗೂ ಹೇಳಿರಲೇ ಇಲ್ಲವಲ್ಲ.

ಕೋಪನ್‌ಹೇಗನ್ ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದಾಗ ಎದುರಿಗೆ ಕೆಂಪು-ಬಿಳಿ ಕಾಗದದ ಬಾವುಟಗಳ ಸಾಲು. ಮಗ ಬರುತ್ತಾನೆಂದು ಅಪ್ಪ, ಮೊಮ್ಮಗಳು ಬರುತ್ತಾಳೆಂದು ಅಜ್ಜಿ, ಎಲ್ಲರ ಕೈಯಲ್ಲೂ ಒಂದೊಂದು ಪುಟ್ಟ ಬಾವುಟ. ರಿಕ್ಕೆ ತಲೆ ತಗ್ಗಿಸಿಕೊಂಡು, ಕರೆಯದ ಮದುವೆಯ ಚಪ್ಪರ ದಾಟುವವಳಂತೆ, ಬೇಗಬೇಗ ಪೆಟ್ಟಿಗೆ ಎಳೆದುಕೊಂಡು ನಡೆದಳು.

ಆಗ ಒಬ್ಬ ಎತ್ತರದ ಗಂಡಸು ಬಾವುಟ ಬೀಸುತ್ತ ಓಡಿಬಂದು ಅವಳನ್ನು ಬಾಚಿ ತಬ್ಬಿಕೊಂಡ.

"ಅಂತೂ ಬಂದ್ಯಲ್ಲೇ! ಎಷ್ಟು ಸೊರಗಿಹೋಗಿದೀಯ! ಅಲ್ಲಿ ತಿನ್ನೋಕೆ ಏನೂ ಕೊಡ್ಲಿಲ್ವಾ?"

ಅವಳು ಅವನನ್ನು ತಳ್ಳಬೇಕಿತ್ತು. ಆದರೆ 'ಅಂತೂ ಬಂದ್ಯಲ್ಲೇ' ಎಂಬ ಮಾತು ಎದೆಯಲ್ಲಿ ಎಲ್ಲೋ ತಗುಲಿತು. ಬರುವ ದಾರಿಯುದ್ದಕ್ಕೂ, ಎರಡು ವಿಮಾನ ಬದಲಿಸಿದರೂ, ಹಿಡಿದಿಟ್ಟುಕೊಂಡಿದ್ದ ಅಳು ಆ ಅಪರಿಚಿತ ಸ್ವೆಟರಿನ ಮೇಲೆ ಒಡೆಯಿತು. ಸ್ವೆಟರಿಗೆ ಉಣ್ಣೆಯ, ಪೆಪ್ಪರ್‌ಮಿಂಟಿನ ವಾಸನೆಯಿತ್ತು.

ಸ್ವಲ್ಪ ಹೊತ್ತಿಗೆ ಆ ತೋಳುಗಳು ಗಟ್ಟಿಯಾದವು.

"ಅಯ್ಯೋ ದೇವರೇ. ನೀವು ಯೊಹಾನ್ನೆ ಅಲ್ಲ."

"ಅಲ್ಲ."

"ಕನ್ನಡಕ ಕಾರಲ್ಲೇ ಬಿಟ್ಟು ಬಂದೆ ನಾನು."

"ಅನ್ನಿಸ್ತು."

"ಬಿಟ್ಬಿಡ್ಲಾ?"

"ಒಂದ್ನಿಮಿಷ ಇರಿ," ಎಂದಳು ರಿಕ್ಕೆ ಸ್ವೆಟರಿನೊಳಗಿಂದಲೇ. "ಮೂಗು ಸೋರ್ತಾ ಇದೆ."

ಅವನು ಬಿಡಲಿಲ್ಲ. ಗಲ್ಲವನ್ನು ಅವಳ ನೆತ್ತಿಯ ಮೇಲಿಟ್ಟು, ಬಾವುಟ ಹಿಡಿದ ಕೈಯಿಂದಲೇ ಬೆನ್ನು ತಟ್ಟುತ್ತ ನಿಂತ.

ಹಿಂದಿನಿಂದ ಯಾರೋ ಗಂಟಲು ಸರಿಪಡಿಸಿಕೊಂಡರು. "ಲೋ ಎಸ್ಬೆನ್, ನಿನ್ನ ಅಕ್ಕ ಇಲ್ಲಿದೀನಿ. ಇಲ್ಲಾ, ಬೇರೆ ಅಕ್ಕನ್ನ ತಗೊಂಡ್ಯಾ?"

ಗ್ರೀನ್‌ಲ್ಯಾಂಡಿನಲ್ಲಿ ನರ್ಸ್ ಕೆಲಸ ಮುಗಿಸಿ ಬಂದಿದ್ದ ಯೊಹಾನ್ನೆಗೂ ಕೆಂಗೂದಲು, ಕುಳ್ಳು ಮೈ, ಹಸಿರು ಕೋಟು. ಕನ್ನಡಕವಿಲ್ಲದವನು ಮೋಸಹೋದದ್ದರಲ್ಲಿ ಆಶ್ಚರ್ಯವಿರಲಿಲ್ಲ. ನಡೆದದ್ದು ಕೇಳಿ ಅವಳು ನಕ್ಕು ನಕ್ಕು ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟಳು.

"ಇವನು ಏನು ಕೆಲಸ ಮಾಡ್ತಾನೆ ಕೇಳಿ."

"ಏನು?"

"ಕನ್ನಡಕದ ಅಂಗಡಿ! ಸ್ವೆಂಡ್‌ಬೋರ್ಗಿನ ಅರ್ಧ ಊರಿನ ಕಣ್ಣು ಪರೀಕ್ಷೆ ಮಾಡೋನೇ ಇವನು."

ಸ್ವೆಂಡ್‌ಬೋರ್ಗ್ ಎಂದರೆ ರಿಕ್ಕೆಯ ಅಮ್ಮ ಇರುವ ಟೋಸಿಂಗ ದ್ವೀಪದಿಂದ ಒಂದು ಸೇತುವೆ ದೂರ. ಇರುವುದೇ ಅಷ್ಟು ದೇಶ. ಒಂದು ತುದಿಯಲ್ಲಿ ಸೀನಿದರೆ ಇನ್ನೊಂದು ತುದಿಯಲ್ಲಿ ಕರ್ಚೀಫು ತೆಗೆಯುತ್ತಾರೆ. ರಿಕ್ಕೆ ತಾನು ಹೋಗಬೇಕಾದ ಊರು ಹೇಳಿದ್ದೇ ತಡ, "ಹಾಗಾದ್ರೆ ನಮ್ ಕಾರಲ್ಲೇ ಬನ್ನಿ" ಎಂದು ಯೊಹಾನ್ನೆ ಆಗಲೇ ಅವಳ ಪೆಟ್ಟಿಗೆ ಎಳೆಯತೊಡಗಿದ್ದಳು.

ಕಾರಿನಲ್ಲಿ ಎಸ್ಬೆನ್ ಕನ್ನಡಕ ಹಾಕಿಕೊಂಡ. ಕನ್ನಡಿ ಸರಿಪಡಿಸುವ ನೆವದಲ್ಲಿ ಹಿಂದಿನ ಸೀಟನ್ನು ನೋಡಿದ. ಒಂದು ಕ್ಷಣವಷ್ಟೆ. ಆಮೇಲೆ ಅವನ ಕಿವಿ ಕೆಂಪಾಯಿತು.

"ಸ್ವೆಟರ್ ಒದ್ದೆ ಮಾಡ್ಬಿಟ್ಟೆ," ಎಂದಳು ರಿಕ್ಕೆ.

"ಒಣಗುತ್ತೆ ಬಿಡಿ. ಅದಕ್ಕೇನೂ ಅವಸರ ಇಲ್ಲ."

ಉದ್ದನೆಯ ಸಮುದ್ರ ಸೇತುವೆಯ ಮೇಲೆ ಕಾರು ಓಡುವಾಗ, ಎರಡೂ ಕಡೆ ಬೂದುಬಣ್ಣದ ನೀರು ನೋಡುತ್ತ, ರಿಕ್ಕೆ ನಿದ್ದೆಹೋದಳು.

*

ಅವಳು ಓಡಿಬಂದದ್ದು ಸಿಡ್ನಿಯಿಂದ. ಸರಿಯಾಗಿ ಹೇಳಬೇಕೆಂದರೆ, ಒಂದು ಫೋಟೋದಿಂದ.

ಮಾಸ್ ಎಂಬ ಹುಡುಗನೊಂದಿಗೆ ಅವಳು ಅಲ್ಲಿಗೆ ಹೋಗಿದ್ದಳು. ಇಬ್ಬರೂ ಜೊತೆಗೆ ನಿಂತ ಫೋಟೋಗಳಿಗೆ ಬರುತ್ತಿದ್ದ ಹಾರ್ಟ್‌ಗಳಿಗೆ ಲೆಕ್ಕವಿರಲಿಲ್ಲ. 'ಜೋಡಿ ಅಂದ್ರೆ ಇದು' ಎಂದು ಸ್ಕೂಲಿನ ಗೆಳತಿಯರು, ಅಮ್ಮನ ಸಹೋದ್ಯೋಗಿಗಳು, ಯಾರೆಂದೇ ಗೊತ್ತಿಲ್ಲದವರು ಬರೆಯುತ್ತಿದ್ದರು. ಕೊನೆಕೊನೆಗೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು, ಫೋಟೋ ಮಾತ್ರ ನಿಂತಿರಲಿಲ್ಲ. ಒಂದು ಭಾನುವಾರ ಸಮುದ್ರದಂಡೆಯಲ್ಲಿ ಜಗಳವಾಡಿ, ಕಣ್ಣೊರೆಸಿಕೊಂಡು, ತಲೆ ವಾಲಿಸಿ ನಕ್ಕು ತೆಗೆಸಿಕೊಂಡ ಫೋಟೋಕ್ಕೆ ಎಲ್ಲಕ್ಕಿಂತ ಹೆಚ್ಚು ಹಾರ್ಟ್ ಬಂದಿತು. ಅದನ್ನು ನೋಡಿ ಅವಳು ಇನ್ನೂ ಒಂದು ವರ್ಷ ಅಲ್ಲೇ ಉಳಿದಳು. ಅಷ್ಟು ಜನ ಹೇಳುತ್ತಾರೆಂದರೆ ತನಗೇ ಏನೋ ಕಾಣಿಸುತ್ತಿಲ್ಲವೇನೋ ಎಂದುಕೊಂಡಳು.

ಹೊರಟಾಗ ಯಾರಿಗೂ ಹೇಳದ್ದು ಅದಕ್ಕೇ. ಹೇಳಿದ್ದರೆ ಯಾರಾದರೂ ಬೇಡವೆನ್ನುತ್ತಿದ್ದರು. ಬೇಡವೆಂದಿದ್ದರೆ ಅವಳು ಉಳಿದುಬಿಡುತ್ತಿದ್ದಳು.

ಅಮ್ಮ ಇಂಗೆರ್ ಏನೂ ಕೇಳಲಿಲ್ಲ. ರೈ ಧಾನ್ಯದ ಕಪ್ಪು ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಮೊಟ್ಟೆ ಹೆಚ್ಚಿಟ್ಟು, ತಟ್ಟೆಯನ್ನು ಮುಂದೆ ಸರಿಸಿದಳು. ಮಾರನೆಯ ವಾರ ರಿಕ್ಕೆ ತನ್ನ ಹಳೆಯ ಕೆಲಸಕ್ಕೆ ಮರಳಿದಳು. ಚರ್ಚಿನ ಗುಡ್ಡದ ಮೇಲಿನ ಸ್ಮಶಾನದಲ್ಲಿ ತೋಟಗಾರ್ತಿ. ಸಮಾಧಿಗಳ ಸುತ್ತ ಗಿಡದ ಬೇಲಿ ಕತ್ತರಿಸುವುದು, ಜಲ್ಲಿ ಗೀರಿ ಸಮ ಮಾಡುವುದು, ವಸಂತದ ಹೂವು ನೆಡುವುದು.

"ಇಲ್ಲಿ ಒಂದು ಅನುಕೂಲ," ಎಂದ ಅವಳ ಜೊತೆ ಕೆಲಸ ಮಾಡುವ ಮುದುಕ ವಿಗ್ಗೊ. "ಇಲ್ಲಿರೋರು ಯಾರೂ ಕಾಮೆಂಟ್ ಹಾಕಲ್ಲ."

ಆ ಮಾತು ಆಡಿದ ಎರಡೇ ದಿನಕ್ಕೆ ಅವನೇ ಫೋನು ಹಿಡಿದುಕೊಂಡು ಬಂದ. "ಹುಡುಗೀ, ಇದು ನೀನಾ?"

ವಿಡಿಯೋದಲ್ಲಿ ಹಸಿರು ಕೋಟಿನ ಹೆಂಗಸೊಬ್ಬಳು ಎತ್ತರದ ಗಂಡಸಿನ ಎದೆಯಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ತಬ್ಬಿಬ್ಬಾದ ಅವನ ಮುಖ ಮೆಲ್ಲಗೆ ಮೃದುವಾಗುತ್ತಿತ್ತು. ಕೊನೆಗೆ ಯೊಹಾನ್ನೆಯ ನಗು. ಪಕ್ಕದಲ್ಲಿ ನಿಂತಿದ್ದ ಯಾರೋ ತೆಗೆದು ಹಾಕಿದ್ದರು: 'ತಪ್ಪಿ ಅಪ್ಪಿಕೊಂಡ, ಬಿಡಲಿಲ್ಲ.' ಇಡೀ ದೇಶವೇ ಅದನ್ನು ನೋಡಿತ್ತು. ಪಕ್ಕದ ಸ್ವೀಡನ್, ನಾರ್ವೆಯವರೂ ನೋಡುತ್ತಿದ್ದರು. ಇವರಿಬ್ಬರ ಮದುವೆಯಾಗಲೇಬೇಕೆಂದು ಒಂದು ಗ್ರೂಪು ಬೇರೆ ಹುಟ್ಟಿಕೊಂಡಿತ್ತು.

"ನೀನೂ ಆ ಗ್ರೂಪಲ್ಲಿ ಇದೀಯ ವಿಗ್ಗೊ?"

ವಿಗ್ಗೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಮ್ ಹುಡುಗಿ ಅಲ್ವಾ ಅಂತ ಸೇರ್ಕೊಂಡೆ."

*

ಎಸ್ಬೆನ್ ಆ ಶನಿವಾರ ಸೈಕಲ್ಲೇರಿ ಬಂದ. ಸ್ಮಶಾನದ ಕಲ್ಲುಗೋಡೆಯಾಚೆ ಮೊದಲು ಹೆಲ್ಮೆಟ್ಟು, ಆಮೇಲೆ ಕನ್ನಡಕ, ಆಮೇಲೆ ನಾಚಿಕೆ ತುಂಬಿದ ಮುಖ ಕಾಣಿಸಿತು.

"ಕ್ಷಮೆ ಕೇಳೋಣಾಂತ ಬಂದೆ. ನಾನು ಕನ್ನಡಕ ಹಾಕ್ಕೊಂಡಿದ್ರೆ ನಿಮಗೆ ಈ ಪಾಡು ಇರ್ತಿರಲಿಲ್ಲ."

"ನಿಮ್ ಪಾಡು ಹೇಗಿದೆ?"

"ಅಂಗಡಿಗೆ ಜನ ಅಪ್ಪಿಕೊಳ್ಳೋಕೆ ಬರ್ತಾ ಇದಾರೆ. ಒಬ್ರು ಮುದುಕಿ ಎರಡು ಸಲ ಬಂದ್ರು. ಎರಡನೇ ಸಲ ಗಂಡನ್ನೂ ಕರ್ಕೊಂಡು."

ರಿಕ್ಕೆಗೆ ನಗು ತಡೆಯಲಾಗಲಿಲ್ಲ. ಬಹಳ ದಿನಗಳ ಮೇಲೆ ನಕ್ಕದ್ದರಿಂದ ಅದು ಬಿಕ್ಕಳಿಕೆಯ ಹಾಗೆ ಹೊರಬಂತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

"ಯಾಕೆ ತೆಗೆದ್ರಿ?"

"ನಾಚಿಕೆಯಾದಾಗ ತೆಗೀತೀನಿ. ಎದುರಿಗಿರೋರು ಮಸುಕಾಗ್ತಾರೆ, ಧೈರ್ಯ ಬರುತ್ತೆ."

"ನಾನು ಈಗ ಮಸುಕಾಗಿದೀನಾ?"

"ಇಲ್ಲ," ಎಂದ ಎಸ್ಬೆನ್, ಸ್ವಲ್ಪ ಆಶ್ಚರ್ಯದಿಂದಲೇ. "ಈ ಸಲ ಯಾಕೋ ಕೆಲಸ ಮಾಡ್ತಿಲ್ಲ."

ಆ ಮೇ ತಿಂಗಳು ಕಾಡಿನ ಬೀಚ್ ಜಾತಿಯ ಮರಗಳ ಎಲೆಗಳು ಒಂದೇ ವಾರದಲ್ಲಿ ಬಿಚ್ಚಿಕೊಂಡವು. ಅವನು ಅಂಗಡಿ ಮುಚ್ಚಿ ಸೇತುವೆ ದಾಟಿ ಬರುತ್ತಿದ್ದ. ಗೋಡೆಗೆ ಒರಗಿದ ಬೆಂಚಿನ ಮೇಲೆ ಇಬ್ಬರೂ ಕೂತು ರೊಟ್ಟಿಯ ಡಬ್ಬಿ ಬಿಚ್ಚುತ್ತಿದ್ದರು. ಕೆಳಗೆ ಹೊಲ, ಅದರಾಚೆ ಸಮುದ್ರ, ನೀರಿನಲ್ಲಿ ಚೆಲ್ಲಿದಂತಿದ್ದ ಸಣ್ಣಸಣ್ಣ ದ್ವೀಪಗಳು. ಒಂದು ಸಂಜೆ ಅವನಿಗೆ ಬೇಲಿ ಕತ್ತರಿಸಲು ಕೊಟ್ಟಳು. ಅವನು ಕತ್ತರಿಸಿದ್ದನ್ನು ನೋಡಿ ವಿಗ್ಗೊ, "ಆಡು ಬಂದಿತ್ತಾ?" ಎಂದು ಕೇಳಿದ.

ಇಬ್ಬರೂ ಯಾವಾಗಲೋ 'ನೀವು' ಬಿಟ್ಟಿದ್ದರು.

"ಮೊದಲನೇ ದಿನವೇ 'ಬಂದ್ಯಲ್ಲೇ' ಅಂದಿದೀಯ. ಆಮೇಲೆ ಬಂದು ನೀವು ತಾವು ಅಂದ್ರೆ ಹೇಗೆ?" ಎಂದು ಅವಳು ಕೆಣಕುತ್ತಿದ್ದಳು.

"ಅದು ಅಕ್ಕನಿಗೆ ಅಂದಿದ್ದು."

"ನನಗೆ ಏನಂತೀಯ ಹಾಗಾದ್ರೆ?"

ಅವನು ರೊಟ್ಟಿ ಅಗಿಯುತ್ತ ಬಹಳ ಹೊತ್ತು ಯೋಚಿಸಿದ. "ನಿನಗೂ ಅದನ್ನೇ," ಎಂದ. "ಅಂತೂ ಬಂದ್ಯಲ್ಲ ಅಂತ."

ಅವಳು ಸಮುದ್ರದ ಕಡೆ ತಿರುಗಿಕೊಂಡಳು. ಕೆನ್ನೆಯ ಬಿಸಿಗೆ ಗಾಳಿ ಬೇಕಾಗಿತ್ತು. ಬೆಂಚಿನ ಮೇಲೆ ಅವರ ಕೈಗಳ ನಡುವೆ ರೊಟ್ಟಿಯ ಡಬ್ಬಿಯೊಂದಿತ್ತು. ಅದನ್ನು ಯಾರು ಸರಿಸಿದರೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

*

ಊರಿಗೆ ಮಾತ್ರ ಎಲ್ಲವೂ ಗೊತ್ತಾಗುತ್ತಿತ್ತು.

ಬೇಕರಿಯ ಬೋದಿಲ್ ಇವರಿಬ್ಬರನ್ನು ಕಂಡರೆ ಬನ್ನಿನ ಮೇಲೆ ಸಕ್ಕರೆಯಲ್ಲಿ ಹಾರ್ಟ್ ಬರೆದುಕೊಡುತ್ತಿದ್ದಳು. ಬಸ್ಸಿನಲ್ಲಿ ಗುರುತಿಲ್ಲದವರು ಹೆಬ್ಬೆರಳೆತ್ತುತ್ತಿದ್ದರು. ಎಲ್ಲರೂ ಒಳ್ಳೆಯವರೇ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅದೇ ಕಷ್ಟವಾಗಿತ್ತು. ಒಳ್ಳೆಯವರಿಗೆ ಬೇಡವೆನ್ನುವುದು ಹೇಗೆ?

ಜೂನ್ ಮೊದಲ ಭಾನುವಾರ ಇಬ್ಬರೂ ಸ್ವೆಂಡ್‌ಬೋರ್ಗಿನ ಬಂದರಿನ ಕಟ್ಟೆಯ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದರು. ಎಸ್ಬೆನ್ ಅವಳ ಗಲ್ಲದ ಮೇಲಿನ ಕೆನೆಯನ್ನು ಬೆರಳಿನಿಂದ ಒರೆಸಿದ. ಅವಳು ನಕ್ಕಳು.

ಮಾರನೆಯ ಬೆಳಿಗ್ಗೆ ಅಮ್ಮ ಆ ಫೋಟೋ ತೋರಿಸಿದಳು. ಯಾರೋ ದೂರದಿಂದ ತೆಗೆದಿದ್ದು. "ಎಷ್ಟು ಚೆನ್ನಾಗಿ ಬಂದಿದೀಯ ನೋಡು! ನನ್ನ ಆಫೀಸಿನೋರೆಲ್ಲ ಅಳ್ತಾ ಇದಾರಂತೆ."

ರಿಕ್ಕೆ ನೋಡಿದಳು. ಫೋಟೋದಲ್ಲಿ ಅವಳ ತಲೆ ಎಡಕ್ಕೆ ಒಂಚೂರು ವಾಲಿತ್ತು. ಗಲ್ಲ ಮೇಲೆ, ಹಲ್ಲು ಕಾಣುವಷ್ಟು ನಗು. ಸಿಡ್ನಿಯ ಸಮುದ್ರದಂಡೆಯಲ್ಲಿ ವಾಲಿಸಿದ್ದ ಅದೇ ತಲೆ. ನಗುವೂ ಅದೇ.

ಈಗ ನೆನಪಾಯಿತು. ಕಟ್ಟೆಯ ಆ ತುದಿಯಲ್ಲಿ ಯಾರೋ ಫೋನೆತ್ತಿದ್ದನ್ನು ಕಡೆಗಣ್ಣಿನಲ್ಲಿ ಅವಳು ಕಂಡಿದ್ದಳು. ಕಂಡ ಮೇಲೆ ನಕ್ಕಿದ್ದಳು.

ಅಂದು ಮಧ್ಯಾಹ್ನ ರಿಕ್ಕೆ ಬೇಕರಿಯ ಮುಂದೆ ಹೋಗುವಾಗ ಬೋದಿಲ್ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನಡು ಬೇಸಿಗೆಯ ಸಂಜೆ ಕಡಲದಂಡೆಯಲ್ಲಿ ಊರವರೆಲ್ಲ ಸೇರಿ ಬೆಂಕಿ ಹಾಕುವ ಹಬ್ಬದ ಸಮಿತಿಗೆ ಅವಳೇ ಯಜಮಾನಿ.

"ಈ ಸಲ ಬೆಂಕಿ ಹಚ್ಚೋದು ನೀವಿಬ್ರು. ತೀರ್ಮಾನ ಆಗಿದೆ. ಗ್ರೂಪಿನಲ್ಲಿ ಲೈವ್ ಹಾಕ್ತೀವಿ. ನೀರಿನಾಚೆ ಜಟ್‌ಲ್ಯಾಂಡಿನಿಂದ ಕೂಡ ಜನ ಬರ್ತಾರಂತೆ."

"ಯಾರು ತೀರ್ಮಾನ ಮಾಡಿದ್ದು?"

"ಎಲ್ಲರೂನೂ!" ಎಂದಳು ಬೋದಿಲ್ ಸಂತೋಷದಿಂದ. ಆಮೇಲೆ ದನಿ ತಗ್ಗಿಸಿ, "ಆ ದಿನ ಅವನು ನಿನ್ನನ್ನ ಏನಾದ್ರೂ ಕೇಳಿದ್ರೂ ಕೇಳ್ಬಹುದು. ನಾನಂತೂ ಏನೂ ಹೇಳಿಲ್ಲಪ್ಪ."

*

"ನೀನು ಕೇಳ್ಬೇಕು ಅಂತ ಇದ್ಯಾ?" ಬೆಂಚಿನ ಮೇಲೆ ಕೂರದೆಯೇ ರಿಕ್ಕೆ ಕೇಳಿದಳು.

"ಇಲ್ಲ. ಬೋದಿಲ್ ಹೇಳಿದ್ಳು, ಕೇಳು ಅಂತ. ನಾನು ನಕ್ಕೆ."

"ಬರೀ ನಕ್ಕೆಯಾ?"

ಎಸ್ಬೆನ್ ಸುಳ್ಳು ಹೇಳುವವನಲ್ಲ. "ಒಂದು ಕ್ಷಣ ಚೆನ್ನಾಗಿರುತ್ತೆ ಅನ್ನಿಸ್ತು. ಕಾಮೆಂಟ್ ಎಲ್ಲಾ ಓದ್ತೀನಿ ನಾನು, ರಿಕ್ಕೆ. ಜೀವನದಲ್ಲಿ ನನ್ನನ್ನ ಯಾರೂ ಇಷ್ಟು ನೋಡಿರಲಿಲ್ಲ. ಖುಷಿಯಾಗುತ್ತೆ."

ಅವಳು ಫೋಟೋದ ವಿಷಯ ಹೇಳಿದಳು. ಮಾಸ್‌ನ ವಿಷಯವನ್ನೂ ಮೊದಲ ಸಲ ಪೂರ್ತಿ ಹೇಳಿದಳು.

"ನಿನ್ನೆ ನಾನು ನಕ್ಕಿದ್ದು ನಿನಗಾ, ಆ ಫೋನಿಗಾ ಅಂತ ನನಗೇ ಗೊತ್ತಾಗ್ತಿಲ್ಲ. ನೀನು ಇಷ್ಟ ಆಗಿದೀಯೋ, ಇಷ್ಟ ಆಗ್ಬೇಕು ಅಂತ ಎಲ್ಲರೂ ಹೇಳಿದ್ದಕ್ಕೆ ಇಷ್ಟ ಆಗಿದೀಯೋ. ಒಂದ್ಸಲ ಹೀಗೇ ಮೋಸ ಹೋಗಿದೀನಿ. ಇಲ್ಲಿಗೇ ಬಿಡೋಣ ಎಸ್ಬೆನ್."

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡ.

"ಅವರು ಹೂಂ ಅಂತಾರೆ ಅಂತ ನೀನು ಊಹೂಂ ಅಂದ್ರೆ, ಅದೂ ಅವರ ಮಾತು ಕೇಳಿದ ಹಾಗೇ ಅಲ್ವಾ?"

"ಇರ್ಬಹುದು. ಆದ್ರೆ ಊಹೂಂ ಅನ್ನೋದನ್ನ ನಾನು ಇನ್ನೂ ಕಲೀತಾ ಇದೀನಿ. ಮೊದಲು ಅದು ಬರಲಿ."

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. ಸೈಕಲ್ಲು ಹಿಡಿದು ಇಳಿಜಾರಿನವರೆಗೆ ನಡೆದ; ಹತ್ತಲು ಮರೆತವನಂತೆ, ಕೆಳಗಿನ ರಸ್ತೆಯವರೆಗೂ ನಡೆದೇ ಹೋದ. ರಿಕ್ಕೆ ಅವನು ಕಾಣಿಸುವಷ್ಟು ಹೊತ್ತೂ ನೋಡಿದಳು. ಆಮೇಲೆ ಕುಂಟೆ ತೆಗೆದುಕೊಂಡು, ಆಗಲೇ ಗೀರಿದ್ದ ಜಲ್ಲಿಯನ್ನೇ ಮತ್ತೆ ಗೀರಿದಳು.

*

ಹಬ್ಬದ ಸಂಜೆ ಇಬ್ಬರೂ ಹೋಗಲಿಲ್ಲ. ಹಗಲಿನಂಥ ಬೆಳಕಿನಲ್ಲಿ ಜನ ಕಾದರು, ಹಾಡಿದರು, ಕೊನೆಗೆ ಬೋದಿಲ್ ತಾನೇ ಬೆಂಕಿ ಹಚ್ಚಿದಳು. ಪ್ರತಿ ವರ್ಷದಂತೆ ಕಟ್ಟಿಗೆಯ ತುದಿಯಲ್ಲಿ ಹುಲ್ಲಿನ ಮಾಟಗಾತಿ ಬೊಂಬೆ ಉರಿಯಿತು. ಗ್ರೂಪಿನಲ್ಲಿ ಅದರ ಫೋಟೋದ ಕೆಳಗೆ ಯಾರೋ ಬರೆದರು: 'ಈ ಸಲ ಬೊಂಬೆಗೆ ಹೆಸರಿಡೋದು ಬೇಕಿಲ್ಲ, ಎಲ್ಲರಿಗೂ ಗೊತ್ತು.'

ಅದಕ್ಕೂ ಹಾರ್ಟ್‌ಗಳು ಬಂದವು.

ಒಂದೇ ವಾರದಲ್ಲಿ ಗಾಳಿ ಪೂರ್ತಿ ತಿರುಗಿತು. ಸಿಡ್ನಿಯ ಹಳೆಯ ಫೋಟೋಗಳನ್ನು ಯಾರೋ ಹುಡುಕಿ ತೆಗೆದರು. ಇವಳಿಗೆ ಹುಡುಗರನ್ನು ಬಿಡುವುದೇ ಕಸುಬು ಎಂದರು. ಅಪ್ಪಿಕೊಂಡು ಅತ್ತದ್ದೂ ನಾಟಕವಂತೆ. ಪಾಪ ಎಸ್ಬೆನ್, ಇವಳ ಕೈಯಿಂದ ಪಾರಾದ, ಇನ್ನು ಇವಳ ಕಡೆ ತಿರುಗಿ ನೋಡಬಾರದು ಎಂದರು. ಮದುವೆಯಾಗಲೇಬೇಕು ಎಂದವರೇ, ಅದೇ ಗ್ರೂಪಿನಲ್ಲೇ.

ಇಂಗೆರ್ ಅಡುಗೆಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ಓದಿ ಅತ್ತಳು. ರಿಕ್ಕೆ ತಣ್ಣನೆಯ ಮಜ್ಜಿಗೆ ಸೂಪಿಗೆ ಸ್ಟ್ರಾಬೆರಿ ಹೆಚ್ಚಿ ಹಾಕುತ್ತಿದ್ದಳು.

"ಓದಬೇಡಮ್ಮ."

"ನನ್ನ ಆಫೀಸಿನ ಕಿರ್ಸ್ಟೆನ್ ಕೂಡ ಲೈಕ್ ಒತ್ತಿದಾಳೆ ಕಣೇ! ನಮ್ಮನೇಲಿ ಕಾಫಿ ಕುಡಿದವಳು!" ಇಂಗೆರ್ ಮೂಗೊರೆಸಿಕೊಂಡಳು. "ಎಲ್ಲರೂ ನೀನು ಅವನ ಹತ್ತಿರಾನೂ ಹೋಗ್ಬಾರ್ದು ಅಂತಿದಾರೆ. ಹೋದ ತಿಂಗಳು ಕಟ್ಕೋ ಅಂತಿದ್ರು."

ರಿಕ್ಕೆಯ ಕೈಯ ಚಾಕು ನಿಂತಿತು.

ಹೋದ ತಿಂಗಳು ಕಟ್ಟಿಕೋ ಎಂದರು. ಈಗ ಬಿಟ್ಟುಬಿಡು ಎನ್ನುತ್ತಿದ್ದಾರೆ. ಅವಳು ಮೆಲ್ಲಗೆ ತನ್ನೊಳಗೆ ಕೈಯಿಟ್ಟು ನೋಡಿಕೊಂಡಳು, ಕತ್ತಲ ಕೋಣೆಯಲ್ಲಿ ಇಟ್ಟ ಸಾಮಾನು ಇಟ್ಟಲ್ಲೇ ಇದೆಯೇ ಎಂದು ತಡಕುವವಳ ಹಾಗೆ. ಅದು ಅಲ್ಲೇ ಇತ್ತು. ಬೆಳಿಗ್ಗೆ ಗೇಟು ತೆರೆದಾಗ ಕೆಳಗಿನ ರಸ್ತೆಯ ಕಡೆ ಹೋಗುವ ಕಣ್ಣು, ರೊಟ್ಟಿಯ ಡಬ್ಬಿಯಲ್ಲಿ ಈಗಲೂ ಒಂದು ತುಂಡು ಹೆಚ್ಚಿಗೆ ಇಡುವ ಕೈ. ಊರೆಲ್ಲ ಆ ಕಡೆಯಿಂದ ಈ ಕಡೆಗೆ ಓಡಿತ್ತು. ಅವಳ ಮನಸ್ಸು ಒಂದು ಗೇಣೂ ಕದಲಿರಲಿಲ್ಲ.

"ಅಮ್ಮಾ," ಎಂದಳು. ದನಿಯಲ್ಲಿ ನಗುವಿತ್ತು. "ಅವರು ಎಲ್ಲಿಂದ ಎಲ್ಲಿಗೋ ಹೋದ್ರಲ್ಲ, ನಾನು ಮಾತ್ರ ಇಲ್ಲೇ ಇದೀನಿ ನೋಡು."

"ಎಲ್ಲಿ? ಏನಂತಿದೀಯ?"

"ಸೂಪು ಕುಡಿ. ನನಗೆ ಕಣ್ಣು ಪರೀಕ್ಷೆ ಮಾಡಿಸ್ಬೇಕು."

ಮರುದಿನ ವಿಗ್ಗೊನ ಹತ್ತಿರ ಅರ್ಧ ದಿನ ರಜೆ ಕೇಳಿದಳು. ಅವನು ಕತ್ತರಿಗೆ ಎಣ್ಣೆ ಹಾಕುತ್ತ ತಲೆಯೆತ್ತದೆ ಹೇಳಿದ, "ಹೋಗ್ಬಾ. ಆ ಗ್ರೂಪು ಬಿಟ್ಟೆ ನಾನು."

"ಯಾಕೆ?"

"ಎಲ್ಲಾ ಬಿಡ್ತಿದಾರೆ. ಅದ್ಯಾವುದೋ ಸೀಲ್ ಪ್ರಾಣಿ ಕಡಲಿನಿಂದ ಎದ್ದು ತರಕಾರಿ ಅಂಗಡಿಗೆ ನುಗ್ಗಿದೆಯಂತೆ. ಜನ ಅಲ್ಲಿಗೆ ಹೋದ್ರು." ಆಮೇಲೆ ಕತ್ತರಿ ಕೆಳಗಿಟ್ಟ. "ಸುಳ್ಳು. ಆ ಬೊಂಬೆ ಮಾತು ಓದಿದ ದಿನಾನೇ ಬಿಟ್ಟೆ."

*

ಅಂಗಡಿಯ ಗಾಜಿನ ಬಾಗಿಲಿಗೆ ಕೈಬರಹದ ಕಾಗದವೊಂದನ್ನು ಅಂಟಿಸಲಾಗಿತ್ತು: 'ಇಲ್ಲಿ ಕನ್ನಡಕ ಸಿಗುತ್ತದೆ. ಅಪ್ಪುಗೆ, ಸುದ್ದಿ ಸಿಗುವುದಿಲ್ಲ.'

ಒಳಗೆ ಇಬ್ಬರು ಮೂವರು ಕಾಯುತ್ತಿದ್ದರು. ರಿಕ್ಕೆಯನ್ನು ನೋಡಿ ಮಾತು ನಿಂತಿತು. ಒಂದು ಫೋನು ಮೆಲ್ಲಗೆ ಚೀಲದಿಂದ ಹೊರಬಂತು. ಅವಳು ಅದನ್ನು ಕಂಡಳು. ತಲೆ ವಾಲಿಸಲಿಲ್ಲ, ಮುಖ ಮರೆಸಿಕೊಳ್ಳಲೂ ಇಲ್ಲ. ಕುರ್ಚಿಯಲ್ಲಿ ಕೂತು ತನ್ನ ಸರದಿಗೆ ಕಾದಳು.

"ಮುಂದಿನವರು," ಎನ್ನುತ್ತ ಎಸ್ಬೆನ್ ಬಾಗಿಲಿಗೆ ಬಂದ, ಬಂದವನು ಅಲ್ಲೇ ನಿಂತ.

"ನಾನೇ," ಎಂದಳು ರಿಕ್ಕೆ. "ದೂರದ್ದು ಸರಿಯಾಗಿ ಕಾಣುತ್ತೆ. ಹತ್ತಿರದ್ದು ಕಷ್ಟ ಆಗ್ತಿದೆ."

ಪರೀಕ್ಷೆಯ ಕೋಣೆ ಸಣ್ಣದು. ಅವನು ದೀಪ ತಗ್ಗಿಸಿದ. ಭಾರವಾದ ಲೆನ್ಸಿನ ಚೌಕಟ್ಟನ್ನು ಅವಳ ಮೂಗಿನ ಮೇಲೆ ಕೂರಿಸುವಾಗ ಅವನ ಬೆರಳು ಕಿವಿಯ ಹಿಂದಿನ ಕೂದಲಿಗೆ ತಗುಲಿತು. ಅವನು ಕೈ ಹಿಂದೆಗೆದುಕೊಂಡ ವೇಗಕ್ಕೆ ಅವಳಿಗೆ ನಗು ಬಂತು. ಪೆಪ್ಪರ್‌ಮಿಂಟಿನ ವಾಸನೆ.

"ಎದುರಿಗೆ ನೋಡಿ," ಎಂದ ಅವನು, ಅಂಗಡಿಯವನ ದನಿಯಲ್ಲಿ.

"ಮತ್ತೆ 'ನೋಡಿ'ಗೆ ಹೋದ್ಯಾ?"

"ನೀನು ಗಿರಾಕಿಯಾಗಿ ಬಂದಿದೀಯ. ಎರಡನೇ ಸಾಲು ಓದು."

ಗೋಡೆಯ ಮೇಲೆ ಅಕ್ಷರಗಳು ಬೆಳಗುತ್ತಿದ್ದವು. ರಿಕ್ಕೆ ಅವುಗಳ ಕಡೆ ನೋಡಲಿಲ್ಲ.

"ಊಹೂಂ ಅನ್ನೋದು ಕಲಿತೆ," ಎಂದು ಓದಿದಳು.

"ಮೂರನೇ ಸಾಲು."

"ಅದು ಬಂದ ಮೇಲೆ ಹೂಂ ಅನ್ನೋದೂ ಬರುತ್ತೆ ಅಂತ ಗೊತ್ತಾಯ್ತು."

ಎಸ್ಬೆನ್ ಪೆಟ್ಟಿಗೆಯಿಂದ ಒಂದು ಲೆನ್ಸು ತೆಗೆದು ಚೌಕಟ್ಟಿಗೆ ಹಾಕಿದ. ಅದು ಅಂಚಿಗೆ ಟಿಕ್ಕೆಂದು ತಗುಲಿ, ಎರಡನೇ ಪ್ರಯತ್ನಕ್ಕೆ ಕೂತಿತು.

"ಹೀಗೆ ಸ್ಪಷ್ಟವಾಗಿದೆಯಾ?" ಅದನ್ನು ತೆಗೆದು ಇನ್ನೊಂದು ಹಾಕಿದ. "ಇಲ್ಲಾ, ಹೀಗಾ?"

"ನಿನಗೆ ಯಾವುದು ಸರಿ ಅನ್ಸುತ್ತೆ?"

"ನಾನು ಹೇಳೋ ಹಾಗಿಲ್ಲ, ರಿಕ್ಕೆ." ಈಗ ಅವನ ದನಿ ಅಂಗಡಿಯವನದಾಗಿರಲಿಲ್ಲ. "ಲೆನ್ಸ್ ಹಾಕಿ ತೋರಿಸ್ಬಹುದು, ಅಷ್ಟೇ. ನೋಡೋದು ನಿನ್ನ ಕಣ್ಣು. ನಾನು ಹೇಳಿಬಿಟ್ರೆ ತಪ್ಪು ಕನ್ನಡಕ ಹಾಕ್ಕೊಂಡು ಹೋಗ್ತೀಯ, ಮೂರು ತಿಂಗಳಿಗೆ ತಲೆನೋವು ಅಂತ ವಾಪಸ್ ಬರ್ತೀಯ."

ಅವಳು ತಾನೇ ಚೌಕಟ್ಟು ತೆಗೆದಳು. ಆಮೇಲೆ ಕೈಚಾಚಿ ಅವನ ಕನ್ನಡಕವನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮಬ್ಬು ಬೆಳಕಿನಲ್ಲಿ ಅವನ ಕಣ್ಣು ಬರಿದಾಗಿ, ಸ್ವಲ್ಪ ಹೆದರಿ, ಅವಳನ್ನು ಹುಡುಕಿತು. ಮೂಗಿನ ಎರಡೂ ಬದಿ ಕನ್ನಡಕ ಕೂತ ಕೆಂಪು ಗುರುತು. ಆ ಗುರುತನ್ನು ಅವಳು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ.

"ಈಗ ಸ್ಪಷ್ಟವಾಗಿದೆ," ಎಂದಳು. "ನೀನು ನನಗೆ ಬೇಕು. ಯಾರು ಹೂಂ ಅಂದ್ರೂ, ಯಾರು ಊಹೂಂ ಅಂದ್ರೂ. ನಿನಗೆ ಇನ್ನೂ ಬೇಕಾಗಿದ್ರೆ."

"ಕಾಮೆಂಟ್ ಓದೋದು ಬಿಟ್ಟಿದೀನಿ," ಎಂದ ಎಸ್ಬೆನ್. ಅದು ಅವಳ ಪ್ರಶ್ನೆಗೆ ಉತ್ತರವಲ್ಲವೆಂದು ಅವನಿಗೇ ಹೊಳೆಯಿತು. "ಬೇಕು. ಪ್ರತಿ ದಿನ ಸೇತುವೆ ತನಕ ಬಂದು ವಾಪಸ್ ಹೋಗ್ತಿದ್ದೆ. ನೀನು ಬೇಡ ಅಂದಿದ್ಯಲ್ಲ, ದಾಟಬಾರ್ದು ಅಂತ."

"ಇವತ್ತು ನಾನು ದಾಟಿದೀನಲ್ಲ."

ಅವನು ಬಾಗಿದ. ಮೊದಲ ಮುತ್ತು ಸ್ವಲ್ಪ ಪಕ್ಕಕ್ಕೆ, ಗಲ್ಲದ ಅಂಚಿಗೆ ಬಿತ್ತು.

"ಕನ್ನಡಕ ಕೊಡ್ಲಾ?" ಎಂದಳು ಅವಳು ನಗುತ್ತ.

"ಬೇಡ, ಬೇಡ. ಸಿಕ್ತು."

ಇಬ್ಬರೂ ಹೊರಗೆ ಬಂದಾಗ ಕಾಯುತ್ತಿದ್ದವರೆಲ್ಲ ಒಟ್ಟಿಗೆ ಏನೋ ಹುಡುಕುವವರಂತೆ ಚೀಲಗಳೊಳಗೆ ನೋಡಿದರು. ಫೋನು ಹಿಡಿದಿದ್ದ ಹೆಂಗಸೊಬ್ಬಳೇ ಧೈರ್ಯ ಮಾಡಿ ಕೇಳಿದಳು: "ನೀವು ಅವರೇ ಅಲ್ವಾ? ಮತ್ತೆ ಒಂದಾದ್ರಾ? ಒಂದು ಫೋಟೋ ತಗೊಳ್ಳಾ?"

ಎಸ್ಬೆನ್ ರಿಕ್ಕೆಯ ಕಡೆ ನೋಡಿದ. ರಿಕ್ಕೆಗೆ ಆ ಹೆಂಗಸಿನ ಮೇಲೆ ಸಿಟ್ಟೇನೂ ಬರಲಿಲ್ಲ.

"ಬೇಡ," ಎಂದಳು, ನೆರೆಮನೆಯವರಿಗೆ ಇನ್ನೊಂದು ಲೋಟ ಕಾಫಿ ಬೇಡವೆನ್ನುವಷ್ಟು ಹಗುರವಾಗಿ. "ಹಸಿವಾಗಿದೆ ನಮಗೆ."

ಎಸ್ಬೆನ್ 'ಊಟದ ಹೊತ್ತು' ಎಂಬ ಹಲಗೆ ತಿರುಗಿಸಿ, ಕಾಯುವವರಿಗೆ ಕ್ಷಮೆ ಕೇಳಿ, ಕೋಟು ಎತ್ತಿಕೊಂಡ. ಹೊರಗೆ ಬಿಸಿಲಿತ್ತು. ಬಂದರಿನ ಕಡೆಯಿಂದ ಉಪ್ಪು ಗಾಳಿ ಬೀಸುತ್ತಿತ್ತು. ಹಿಂದೆ ಗಾಜಿನಾಚೆ ಆ ಹೆಂಗಸು ಫೋಟೋ ತೆಗೆದಳೋ ಇಲ್ಲವೋ ರಿಕ್ಕೆಗೆ ತಿಳಿಯಲಿಲ್ಲ. ಅವಳು ಎಸ್ಬೆನ್‌ನ ಮಾತು ಕೇಳುತ್ತಿದ್ದಳು. ಮಾರುಕಟ್ಟೆಗೆ ಹೊಸ ಆಲೂಗಡ್ಡೆ ಬಂದಿದೆಯಂತೆ, ಉಗುರಿನಷ್ಟು ತೆಳು ಸಿಪ್ಪೆಯದು.

"ಬೇಯಿಸಿ ಬೆಣ್ಣೆ ಹಾಕೋಣ್ವಾ, ಸಬ್ಬಸಿಗೆ ಹಾಕೋಣ್ವಾ?"

"ಎರಡೂ," ಎಂದಳು ರಿಕ್ಕೆ.